ಕೂಡಿದ ಒಡಲು: ಹರಿಹರ–ದಾವಣಗೆರೆ ಸೀಮೆಯ ಕಲ್ಪಿತ ಪ್ರಾಣಿಗಳು

ಹರಿಹರ ಪಟ್ಟಣಕ್ಕೆ ಶಾಸನಗಳಲ್ಲಿ ಕೂಡಲೂರು ಎಂಬ ಹೆಸರಿದೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಈ ಹೆಸರು ಬಂದಿತು. ಹೊಳೆಗಳ ಈ ಕೂಡಲಿನ ಊರಿನಲ್ಲಿ, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ವೇಳೆಗೆ ಕಟ್ಟಿಸಿದ ದೇಗುಲದ ಗರ್ಭಗುಡಿಯಲ್ಲಿ ನಿಂತಿರುವ ಮೂರ್ತಿಯೂ ಒಂದು ಕೂಡುವಿಕೆಯೇ ಆಗಿದೆ. ಅದರ ಬಲಭಾಗ ಹರ, ಎಡಭಾಗ ಹರಿ. ಎರಡು ಅರ್ಧಗಳು ಸೇರಿ ಒಂದು ಒಡಲಾದ ಈ ಮೂರ್ತಿಯನ್ನು ಶೈವ–ವೈಷ್ಣವ ಸಾಮರಸ್ಯದ ಸಂಕೇತವೆಂದು ವಿದ್ವಾಂಸರು ಬಹುವಾಗಿ ವಿವೇಚಿಸಿದ್ದಾರೆ. ಆದರೆ ಈ ಒಡಲಿನ ರಚನಾಕ್ರಮಕ್ಕೂ ದೇಗುಲಗಳ ಕಲ್ಲಿನಲ್ಲಿ, ಜಾತ್ರೆಯ ಕುಣಿತದಲ್ಲಿ, ಜನರ ಹೆಸರುಗಳಲ್ಲಿ ಬದುಕಿರುವ ಕಲ್ಪಿತ ಪ್ರಾಣಿಗಳ ರಚನಾಕ್ರಮಕ್ಕೂ ಇರುವ ನಂಟು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪ್ರಸ್ತುತ ಲೇಖನವು ಆ ನಂಟನ್ನು ಜಾನಪದೀಯ ನೆಲೆಯಿಂದ ವಿವರಿಸುವ ಪ್ರಯತ್ನವಾಗಿದೆ.

ಮೊದಲು ಸ್ಥಳಪುರಾಣವನ್ನು ನೋಡಬಹುದು. ಪೂರ್ವದ ಉಚ್ಚಂಗಿದುರ್ಗದಿಂದ ಉತ್ತರದ ಐರಣಿಯವರೆಗೆ ಹಬ್ಬಿದ್ದ ಗುಹಾರಣ್ಯದಲ್ಲಿ ಗುಹಾಸುರನೆಂಬ ರಕ್ಕಸನಿದ್ದನು. ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂದು ಅವನು ಬ್ರಹ್ಮನಿಂದ ವರ ಪಡೆದನು. ಒಬ್ಬೊಬ್ಬರಿಂದ ಆಗದ ಕೆಲಸವನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಮಾಡಿದರು. ಕಥೆಯ ಈ ಚೌಕಟ್ಟು ಹೊಸದಲ್ಲ. ಹಿರಣ್ಯಕಶಿಪು ಬೇಡಿದ್ದೂ ಇಂಥದೇ ವರ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ ಎಂದವನ ಮುಂದೆ ಎರಡೂ ಅಲ್ಲದ, ಎರಡೂ ಆದ ಒಂದು ರೂಪ ಕಂಬದಿಂದ ಹೊರಬಂದಿತು. ವರ ಎನ್ನುವುದು ಒಂದು ಬೇಲಿ. ಬೇಲಿ ಕಟ್ಟಿದವನು ತಾನು ಕಂಡ ಪ್ರಾಣಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ. ಅವನ ಲೆಕ್ಕದಲ್ಲಿಲ್ಲದ ಒಡಲೊಂದು ಆ ಬೇಲಿಯ ಸಂದಿಯಿಂದ ನುಸುಳಿ ಬರುತ್ತದೆ. ನಮ್ಮ ಪುರಾಣಗಳಲ್ಲಿ ಹೊಸ ಪ್ರಾಣಿ ಹುಟ್ಟುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಶಿಲ್ಪದಲ್ಲಿ ಕಾಣುವ ಇಂಥ ಪ್ರಾಣಿಗಳಿಗೆ ಸಂಸ್ಕೃತದಲ್ಲಿ ಈಹಾಮೃಗವೆಂಬ ಹೆಸರಿದೆ. ಹರಿಹರದ ದೇಗುಲಕ್ಕೆ ಇವನ್ನು ಹುಡುಕಿಕೊಂಡು ಹೋದವರಿಗೆ ಕೊಂಚ ನಿರಾಸೆಯಾಗಬಹುದು. ಬೇಲೂರು, ಹಳೇಬೀಡುಗಳ ಹೊರಭಿತ್ತಿಯಲ್ಲಿರುವ ಪ್ರಾಣಿಪಟ್ಟಿಕೆಗಳ ಸಂಭ್ರಮ ಇಲ್ಲಿಲ್ಲ. ಕಡೆದ ಕಂಬಗಳ ವಿಶಾಲವಾದ ಮಂಟಪವೇ ಈ ಗುಡಿಯ ಸೊಬಗು. ಆದ್ದರಿಂದ ಈ ಪ್ರಾಣಿಗಳ ಪರಿಚಯಕ್ಕೆ ಹಳೇಬೀಡಿನ ಹೊಯ್ಸಳೇಶ್ವರನ ಭಿತ್ತಿಯನ್ನೇ ಪಾಠದ ಹಲಗೆಯಾಗಿ ಇಟ್ಟುಕೊಳ್ಳುವುದು ಅನುಕೂಲ. ಅಲ್ಲಿ ಕೆಳಗಿನಿಂದ ಮೇಲಕ್ಕೆ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಪ್ರಸಂಗಗಳು, ಮಕರಗಳು, ಹಂಸಗಳು ಬರುತ್ತವೆ. ಇಂದಿನ ನೋಡುಗನು ಈ ಸಾಲುಗಳನ್ನು ತಟ್ಟನೆ ಎರಡು ಪಾಲು ಮಾಡಿಬಿಡುತ್ತಾನೆ: ಆನೆ, ಸಿಂಹ, ಕುದುರೆ, ಹಂಸ ನಿಜ, ಮಕರ ಕಲ್ಪಿತ. ಈ ಪಾಲು ಕೆತ್ತಿದವನದಲ್ಲ. ಅವನು ಆನೆಯನ್ನು ಕಂಡಿದ್ದನು, ಕುದುರೆಯನ್ನು ಕಂಡಿದ್ದನು. ಸಿಂಹವನ್ನು ಕಂಡಿರಲು ಸಾಧ್ಯವಿರಲಿಲ್ಲವೆಂದೇ ಹೇಳಬೇಕು. ಚಾರಿತ್ರಿಕ ಕಾಲದಲ್ಲಿ ಭಾರತದ ಸಿಂಹದ ನೆಲೆ ಬಹುಮಟ್ಟಿಗೆ ನರ್ಮದೆಯ ಉತ್ತರಕ್ಕೇ ಸೀಮಿತವಾಗಿತ್ತು. ತುಂಗಭದ್ರೆಯ ದಂಡೆಯ ಶಿಲ್ಪಿಗೆ ಸಿಂಹವೂ ಮಕರವೂ ಒಂದೇ ದಾರಿಯಿಂದ, ಗುರುಪರಂಪರೆಯ ಗೆರೆ ಮತ್ತು ಕವಿಗಳ ಮಾತಿನಿಂದ, ಬಂದು ತಲುಪಿದವು. ಹಾಲು ನೀರನ್ನು ಬೇರ್ಪಡಿಸುವ ಹಂಸವಂತೂ ಯಾವ ಕೆರೆಯಲ್ಲಿಯೂ ಇಳಿದದ್ದಿಲ್ಲ.

ಹೊಯ್ಸಳರ ಲಾಂಛನವೇ ಇದಕ್ಕೆ ಒಳ್ಳೆಯ ನಿದರ್ಶನ. ಸೊಸೆವೂರಿನಲ್ಲಿ, ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಸಳನು ಗುರುಗಳ ಮಾತಿನಂತೆ ಹೊಯ್ದದ್ದು ಹುಲಿಯನ್ನು ಎಂದು ಐತಿಹ್ಯ ಹೇಳುತ್ತದೆ. ಗುಡಿಗಳ ಮೇಲೆ ನಿಲ್ಲಿಸಿರುವ ಕಲ್ಲಿನ ಮೃಗಕ್ಕಾದರೋ ಸಿಂಹದ ಕೇಸರವಿದೆ. ಅದು ಹುಲಿಯೋ ಸಿಂಹವೋ ಎಂಬ ಚರ್ಚೆ ದೀರ್ಘವಾಗಿ ನಡೆದಿದೆ. ಮಲೆನಾಡಿನವರು ಕಂಡು ಅಂಜಿದ ಪ್ರಾಣಿ ಕಥೆಯೊಳಗೆ ಬಂದಿತು. ರಾಜಚಿಹ್ನೆಗೆ ಒಪ್ಪುವ ಪ್ರಾಣಿ ಕಲ್ಲಿನೊಳಗೆ ಬಂದಿತು. ಇವೆರಡೂ ಬೆರೆತದ್ದಕ್ಕೆ ಶಾರ್ದೂಲವೆಂಬ ಒಂದು ಹೆಸರು ಸಿದ್ಧವಾಗಿಯೇ ಇತ್ತು. ಹಳ್ಳಿಯ ಚಿತ್ರಗಾರನ ಕೈಯಲ್ಲಿ ಇದರ ಮರುಕಳಿಕೆಯನ್ನು ಕಾಣಬಹುದು. ದೇವಿಯ ಸಿಂಹವಾಹನವನ್ನು ಬರೆಯಲು ಕುಳಿತವನು ಹಲವು ವೇಳೆ ಹುಲಿಯ ಪಟ್ಟೆಗಳನ್ನೂ ಎಳೆದುಬಿಡುತ್ತಾನೆ. ಭಕ್ತರು ಅದನ್ನು ತಪ್ಪೆಂದು ತಿದ್ದುವುದಿಲ್ಲ.

ಹಾಗಾದರೆ ಪ್ರಾಣಿಯನ್ನು ಕಲ್ಲಿಗೆ ಸೇರಿಸಿಕೊಳ್ಳಲು ಇದ್ದ ಅರ್ಹತೆ ಯಾವುದು? ಅದು ಕಣ್ಣಿಗೆ ಕಂಡಿದೆಯೇ ಎಂಬುದಲ್ಲ, ಅದು ಏನು ಕೆಲಸ ಮಾಡುತ್ತದೆ ಎಂಬುದು. ಮಕರವನ್ನು ತೆಗೆದುಕೊಳ್ಳೋಣ. ದೇಗುಲಗಳ ಮಾರ್ಗದರ್ಶಕರು ಅದರಲ್ಲಿ ಏಳು ಪ್ರಾಣಿಗಳನ್ನು ಎಣಿಸಿ ತೋರಿಸುತ್ತಾರೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ಹಂದಿಯ ಮೈ, ನವಿಲಿನ ಬಾಲ. ಈ ಎಣಿಕೆ ಶಾಸ್ತ್ರಗ್ರಂಥದ್ದಲ್ಲ, ಬಾಯಿಂದ ಬಾಯಿಗೆ ಬಂದ ಪಾಠ. ಹೇಳುವವರಿಂದ ಹೇಳುವವರಿಗೆ ಒಂದೆರಡು ಅಂಗಗಳು ಬದಲಾಗುವುದೂ ಉಂಟು. ಜಾನಪದ ಅಧ್ಯಯನಕ್ಕೆ ಅದರ ಬೆಲೆ ಇರುವುದೂ ಅಲ್ಲಿಯೇ. ಗಮನಿಸಬೇಕಾದ ಸಂಗತಿಯೆಂದರೆ, ಸಿಂಹವೊಂದನ್ನು ಬಿಟ್ಟರೆ ಈ ಪಟ್ಟಿಯ ಪ್ರಾಣಿಗಳೆಲ್ಲ ಕೇಳುವವನ ಹಿತ್ತಿಲು, ಹೊಲ, ಹೊಳೆಗಳಿಗೆ ಸೇರಿದವು. ಮಕರವನ್ನು ಯಾರೂ ಕಂಡಿಲ್ಲ. ಆದರೆ ಅದರ ಒಂದೊಂದು ಅಂಗವನ್ನೂ ಎಲ್ಲರೂ ಕಂಡಿದ್ದಾರೆ.

ಮಕರದ ಕೆಲಸ ನೀರಿನದು. ಅದು ಗಂಗೆಯ ವಾಹನ, ವರುಣನ ವಾಹನ. ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಬೀಳುವ ಪ್ರನಾಳಕ್ಕೆ ಹಲವೆಡೆ ಅದರ ಬಾಯನ್ನೇ ಕೊಟ್ಟಿದ್ದಾರೆ. ತೋರಣದ ಎರಡು ಕೊನೆಗಳಲ್ಲಿ ಕುಳಿತು ಬಾಯಿಂದ ಬಳ್ಳಿಯನ್ನು ಹೊರಡಿಸುವುದೂ ಅದೇ. ಹಳಗನ್ನಡದಲ್ಲಿ ಮೊಸಳೆಗೆ ನೆಗಳ್ ಎಂಬ ಮಾತಿದೆ. ತುಂಗಭದ್ರೆಯಲ್ಲಿ ಮೊಸಳೆ ಇಂದಿಗೂ ಉಂಟು. ಹೊಳೆಯ ಆಳವನ್ನು ಬಲ್ಲವರಿಗೆ ನೀರಿನ ಅಂಜಿಕೆ ಹೊಸದಲ್ಲ. ಆ ಅಂಜಿಕೆಗೆ ಆನೆಯ ಗಾಂಭೀರ್ಯವನ್ನೂ ನವಿಲಿನ ಚೆಲುವನ್ನೂ ಜೋಡಿಸಿ ಪೂಜೆಗೆ ಒಪ್ಪುವಂತೆ ಮಾಡಿದ್ದೇ ಮಕರ. ಸಂಕ್ರಾಂತಿಯಂದು ಹರಿಹರದ ಹೊಳೆಯಲ್ಲಿ ಮೀಯಲು ಬರುವವರು ಹೆಸರು ಹೇಳುವುದು ಇದೇ ಕಲ್ಪಿತ ಪ್ರಾಣಿಯದು. ಪಂಚಾಂಗದ ಮಕರರಾಶಿ ಈ ಮಕರವೇ. ಎಳ್ಳು ಹಚ್ಚಿಕೊಂಡು ನೀರಿಗೆ ಇಳಿಯುವವರಲ್ಲಿ ಎಷ್ಟು ಜನರಿಗೆ ಅದರ ಮುಖ ನೆನಪಿದೆ ಎಂಬುದು ಬೇರೆ ಮಾತು.

ಕೆಲಸವಿಲ್ಲದ ಕಲ್ಪಿತ ಪ್ರಾಣಿಗೆ ಜಾನಪದದಲ್ಲಿ ಮೈಯೂ ಇರುವುದಿಲ್ಲವೆಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು. ಮಕ್ಕಳನ್ನು ಮಲಗಿಸಲು ಕರೆಯುವ ಗುಮ್ಮನಿಗೆ, ಗೊಗ್ಗಯ್ಯನಿಗೆ ಎಷ್ಟು ಕಾಲು, ಎಷ್ಟು ಕಣ್ಣು ಎಂದು ಯಾವ ತಾಯಿಯೂ ಹೇಳುವುದಿಲ್ಲ. ಅದು ಬಾಗಿಲಾಚೆಯ ಕತ್ತಲೆಗಿರುವ ಹೆಸರು ಮಾತ್ರ. ರೂಪ ಹೇಳಿದರೆ ಹೆದರಿಕೆ ಹೋಗಿಬಿಡುತ್ತದೆ. ಮಕರ, ಶರಭ, ಗಂಡಭೇರುಂಡಗಳ ಸಂಗತಿ ಇದಕ್ಕೆ ವಿರುದ್ಧ. ಅವುಗಳ ಅಂಗಾಂಗಗಳನ್ನು ಬೆರಳು ಮಡಿಸಿ ಎಣಿಸಬಹುದು. ಎಣಿಸುವ ಈ ಚಟಕ್ಕೆ ತರಬೇತು ಕೊಡುವುದು ಒಗಟು. ಕಾಲಿದ್ದೂ ನಡೆಯದ, ಬಾಯಿದ್ದೂ ಉಣ್ಣದ ಪ್ರಾಣಿಯೊಂದನ್ನು ಒಗಟು ಮುಂದಿಡುತ್ತದೆ. ಬಿಡಿಸಿದಾಗ ಅದು ಮಂಚವೋ ಕೊಡವೋ ಆಗಿರುತ್ತದೆ. ಹಳ್ಳಿಯ ಮಗು ಶಿಲ್ಪಶಾಸ್ತ್ರವನ್ನು ಓದದೆಯೂ ಈಹಾಮೃಗದ ವ್ಯಾಕರಣವನ್ನು ಕಲಿಯುವುದು ಇಂಥ ಮಾತುಗಳಲ್ಲಿಯೇ.

ಕುಣಿತದಲ್ಲಿ ಈ ವ್ಯಾಕರಣ ಇನ್ನೂ ಸ್ಪಷ್ಟವಾಗುತ್ತದೆ. ಜಾತ್ರೆ, ದಸರೆಗಳ ಮೆರವಣಿಗೆಯಲ್ಲಿ ಬರುವ ಕೀಲುಕುದುರೆಗೆ ಬಿದಿರಿನ ಚೌಕಟ್ಟು, ಬಟ್ಟೆಯ ಮೈ. ನಡುವೆ ನಿಂತ ಕಲಾವಿದನು ಸೊಂಟದ ಮೇಲೆ ಸವಾರ, ಸೊಂಟದ ಕೆಳಗೆ ಕುದುರೆ. ಸವಾರನ ಕಾಲೇ ಕುದುರೆಯ ಕಾಲು. ನೋಡುವವರಿಗೆ ಇದು ಗೊತ್ತಿಲ್ಲದ ಗುಟ್ಟೇನಲ್ಲ. ಗೊತ್ತಿದ್ದೂ ಕುದುರೆ ಕೆನೆದು ಹಿಂದೆ ಸರಿದಾಗ ಜನ ದಾರಿ ಬಿಡುತ್ತಾರೆ. ಮಧ್ಯ ಹಾಗೂ ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಂ ಹೊತ್ತಿಗೆ ಹರಕೆ ಹೊತ್ತು ಮೈಗೆ ಹುಲಿಪಟ್ಟೆ ಬರೆಸಿಕೊಳ್ಳುವವರದು ಇನ್ನೊಂದು ಬಗೆ. ಅಲ್ಲಿ ಮನುಷ್ಯ ಮತ್ತು ಮೃಗದ ಕೂಡುವಿಕೆ ಕೆಲವು ದಿನಗಳ ಮಟ್ಟಿಗಿನದು. ಹರಕೆ ತೀರಿದ ಮೇಲೆ ಬಣ್ಣ ತೊಳೆದುಹೋಗುತ್ತದೆ. ಅಲೈ ದೇವರ ಮುಂದೆ ಕುಣಿಯುವ ಈ ಹುಲಿಗಳಲ್ಲಿ ಹಿಂದೂ ಮನೆಗಳ ಮಕ್ಕಳೂ ಇರುತ್ತಾರೆ ಎಂಬುದನ್ನು, ಹರಿಹರ ಮೂರ್ತಿಯ ಸೀಮೆಯಲ್ಲಿ ನಿಂತು ಮಾತನಾಡುವಾಗ, ಮರೆಯುವಂತಿಲ್ಲ.

ಕೂಡಿದ ಒಡಲುಗಳೆಲ್ಲ ಸಾಮರಸ್ಯಕ್ಕಾಗಿಯೇ ಹುಟ್ಟಿದವೆಂದು ಹೇಳಲು ಬರುವುದಿಲ್ಲ. ಶರಭದ ಕಥೆ ಜಗಳದ ಕಥೆ. ಎಂಟು ಕಾಲಿನ ಮೃಗವಾದ್ದರಿಂದ ಅದಕ್ಕೆ ಅಷ್ಟಾಪದವೆಂಬ ಹೆಸರೂ ಇದೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ತಣಿಯದ ನರಸಿಂಹನನ್ನು ಅಡಗಿಸಲು ಶಿವನು ವೀರಭದ್ರನನ್ನು ಕಳುಹಿದನೆಂದೂ ಸಿಂಹದ ಮೈಗೆ ರೆಕ್ಕೆ ಮೂಡಿದ ಶರಭರೂಪದಲ್ಲಿ ನರಸಿಂಹನನ್ನು ಹಿಡಿದು ಅಡಗಿಸಲಾಯಿತೆಂದೂ ಶೈವ ಪುರಾಣಗಳು ಹೇಳುತ್ತವೆ. ಇದಕ್ಕೆ ವೈಷ್ಣವರ ಮರುಮಾತು ಗಂಡಭೇರುಂಡ: ಎರಡು ತಲೆಯ ಹಕ್ಕಿಯಾದ ನರಸಿಂಹನು ಶರಭವನ್ನೇ ಸೀಳಿದನಂತೆ. ಒಂದು ಪ್ರಾಣಿಯ ಮೇಲೆ ಇನ್ನೊಂದನ್ನು ಏರಿಸುತ್ತ ಹೋಗುವ ಈ ಏಣಿಗೆ ಕೊನೆಯಿಲ್ಲ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಅದು ಒಂದೇ ಶಿಲ್ಪವಾಗಿ ಮೂಡಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ಆ ಸಾಲಿನಲ್ಲಿ ಕಾಡಿನ ಪ್ರಾಣಿ ಎಲ್ಲಿ ಮುಗಿದು ಪುರಾಣದ ಪ್ರಾಣಿ ಎಲ್ಲಿ ಮೊದಲಾಯಿತು ಎಂಬುದಕ್ಕೆ ಗೆರೆಯೇ ಇಲ್ಲ. ಶರಭದ ಕೋರೆ ಸಿಂಹದ ಕೋರೆಯಷ್ಟೇ ಗಟ್ಟಿಯಾಗಿ ಕೆತ್ತಲ್ಪಟ್ಟಿದೆ.

ಆದರೂ ಗಂಡಭೇರುಂಡವನ್ನು ಮತದ್ವೇಷದ ಕೂಸೆಂದಷ್ಟೇ ತಿಳಿಯುವುದು ಅವಸರದ ತೀರ್ಮಾನ. ಹರಿಹರದ ಪಶ್ಚಿಮಕ್ಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕಲ್ಯಾಣ ಚಾಲುಕ್ಯ ಸೋಮೇಶ್ವರನ ಕಾಲದಲ್ಲಿ ಬನವಾಸಿನಾಡನ್ನು ಆಳುತ್ತಿದ್ದ ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬವಿದೆ. ಕಂಬದ ತುದಿಯ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದು ನಿಂತಿರುವುದು ಜಗದೇಕಮಲ್ಲೇಶ್ವರನೆಂಬ ಶಿವನ ಸನ್ನಿಧಿಯಲ್ಲಿ. ಅಲ್ಲಿ ಗಂಡಭೇರುಂಡವೆಂಬುದು ವೀರನೊಬ್ಬನ ಬಿರುದು. ಭೇರುಂಡ ಗಳೆಯೆಂಬ ಅಳತೆಗೋಲಿನಿಂದ ಹೊಲಗದ್ದೆಗಳನ್ನು ಅಳೆದು ದತ್ತಿ ಬಿಟ್ಟ ಮಾತು ಆ ಭಾಗದ ಶಾಸನಗಳಲ್ಲಿ ಬರುತ್ತದೆ. ಯಾರೂ ಕಾಣದ ಹಕ್ಕಿಯ ಹೆಸರಿನಲ್ಲಿ ಎಲ್ಲರೂ ಉಳುವ ನೆಲದ ಎಲ್ಲೆ ತೀರ್ಮಾನವಾಗುತ್ತಿತ್ತು. ಈ ಪ್ರಾಣಿಗಳು ಊರಿನ ವ್ಯವಹಾರದೊಳಗೆ ಎಷ್ಟು ಇಳಿದಿದ್ದವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಮುಂದೆ ಅದೇ ಹಕ್ಕಿ ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಆನೆಗಳನ್ನು ಹಿಡಿದು ಹಾರಿತು, ಕೆಳದಿಯ ರಾಮೇಶ್ವರ ಗುಡಿಯ ಮೇಲ್ಛಾವಣಿಗೆ ಏರಿತು, ಮೈಸೂರು ಅರಸರ ಲಾಂಛನವಾಯಿತು.

ದಾವಣಗೆರೆಯ ಬೀದಿಯಲ್ಲಿ ಅದನ್ನು ಇಂದು ಕಾಣಲು ಗುಡಿಗೆ ಹೋಗಬೇಕಾಗಿಲ್ಲ. ಸಾರಿಗೆ ಸಂಸ್ಥೆಯ ಬಸ್ಸಿನ ಮೈಮೇಲೆ, ತಾಲ್ಲೂಕು ಕಚೇರಿಯ ಕಾಗದದ ನೆತ್ತಿಯಲ್ಲಿ ಅದು ದಿನವೂ ಕಾಣುತ್ತದೆ. ಕರ್ನಾಟಕದ ರಾಜ್ಯಲಾಂಛನದಲ್ಲಿ ಗಂಡಭೇರುಂಡವುಳ್ಳ ಗುರಾಣಿಯನ್ನು ಎರಡು ಕಡೆಯಿಂದ ಹಿಡಿದು ನಿಂತಿರುವ ಪ್ರಾಣಿಗಳಿಗೆ ಸಿಂಹದ ಮೈ, ಆನೆಯ ತಲೆ. ಇವನ್ನು ಗಜಕೇಸರಿ ಎನ್ನುವುದುಂಟು, ಶರಭ ಎನ್ನುವುದೂ ಉಂಟು. ಎರಡನೆಯ ಹೆಸರನ್ನು ಒಪ್ಪಿದರೆ ಸ್ವಾರಸ್ಯವಾದ ಒಂದು ಸಂಗತಿ ಹೊಳೆಯುತ್ತದೆ. ಬೇಲೂರಿನ ಶಿಲ್ಪದಲ್ಲಿ ಒಂದರ ಬಾಯಿಗೆ ಇನ್ನೊಂದು ತುತ್ತಾಗಿದ್ದ ಪ್ರಾಣಿಗಳು ಇಲ್ಲಿ ಒಂದೇ ಗುರಾಣಿಯ ಸುತ್ತ ಜೊತೆಯಾಗಿ ನಿಂತಿವೆ. ಹರಿಹರ ಮೂರ್ತಿ ದೇವರುಗಳ ವಿಷಯದಲ್ಲಿ ಮಾಡಿದ ಒಪ್ಪಂದವನ್ನು ಲಾಂಛನವು ಮೃಗಗಳ ವಿಷಯದಲ್ಲಿ ಮಾಡಿದಂತಿದೆ.

ಶರಭಕ್ಕೆ ಈ ಸೀಮೆಯಲ್ಲಿ ಇನ್ನೊಂದು ನೆಲೆಯೂ ಇದೆ. ಇದು ವೀರಭದ್ರನ ಒಕ್ಕಲುಗಳ ನಾಡು. ವೀರಗಾಸೆಯ ಕುಣಿತ, ಗುಗ್ಗಳದ ಮೆರವಣಿಗೆ, ಪುರವಂತರ ಒಡಪುಗಳು ಇಲ್ಲಿನ ಮದುವೆ, ಜಾತ್ರೆಗಳ ಭಾಗವಾಗಿವೆ. ಒಡಪುಗಳ ಮುಖ್ಯ ವಸ್ತು ದಕ್ಷಯಜ್ಞದ ಕಥೆ. ಶರಭಾವತಾರವು ಅದರ ಪಕ್ಕದಲ್ಲಿ ನೆರಳಿನಂತೆ ಇರುತ್ತದೆ. ಹೀಗಿದ್ದೂ ಶರಭಯ್ಯ, ಶರಭಪ್ಪ, ಶರಭಣ್ಣ ಎಂಬ ಹೆಸರುಗಳು ಮನೆಮನೆಗಳಲ್ಲಿ ಉಳಿದುಬಂದಿವೆ. ಹೆಸರು ಹೊತ್ತವರಿಗೆ ಎಂಟು ಕಾಲಿನ ಮೃಗದ ನೆನಪಿರಬೇಕಾದ್ದಿಲ್ಲ. ಅದು ಅಜ್ಜನ ಹೆಸರು, ಮನೆದೇವರ ಹೆಸರು. ಪ್ರಾಣಿಯೊಂದು ಕಾಡನ್ನು, ಕಥೆಯನ್ನು, ಕಲ್ಲನ್ನು ಎಲ್ಲವನ್ನೂ ಬಿಟ್ಟು ಪಡಿತರ ಚೀಟಿಯಲ್ಲಿ ನೆಲೆಸಿರುವ ಉದಾಹರಣೆ ಬೇರೆ ಕಡೆಗಳಲ್ಲಿ ಅಪರೂಪ.

ಕಲ್ಪಿತ ಪ್ರಾಣಿಗಳಿಗೆ ಇಷ್ಟು ಆಸರೆಗಳು ದೊರೆತ ಈ ಸೀಮೆಯಲ್ಲಿ ಉಸಿರಾಡುವ ಪ್ರಾಣಿಗಳ ಗತಿಯೇನು ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಡಬೇಕಾದ ಪ್ರಶ್ನೆ ಇದಲ್ಲ. ಹರಿಹರದ ಹೊಳೆಯಾಚೆ ಸ್ವಲ್ಪ ದೂರದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ವನ್ಯಧಾಮವಾಯಿತು. ಅಲ್ಲಿಯ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಭಾರಿ ಗಾತ್ರದ ಹಕ್ಕಿಯೊಂದನ್ನು ಕನ್ನಡದಲ್ಲಿ ಎರ್ಲಡ್ಡು ಎಂದೂ ಎರೆಭೂತ ಎಂದೂ ಕರೆದಿದ್ದಾರೆ. ಎರೆಯ ಹೊಲದಲ್ಲಿ ತಟ್ಟನೆ ತಲೆಯೆತ್ತಿ, ಮರುಗಳಿಗೆಗೆ ಕಾಣದಾಗುವ ಹಕ್ಕಿಗೆ ಭೂತವೆಂಬ ಹೆಸರು ಸಹಜವಾಗಿಯೇ ಒಪ್ಪುತ್ತದೆ. ಮೈಯುಳ್ಳ ಪ್ರಾಣಿಯನ್ನು ಮೈಯಿಲ್ಲದವುಗಳ ಗುಂಪಿಗೆ ಸೇರಿಸಿದ ಅಪೂರ್ವ ನಾಮಕರಣವಿದು. ಮಕರವನ್ನು ಕಟ್ಟಿದ್ದಕ್ಕೆ ಇದು ತಿರುವುಮುರುವು. ಈಗ ಆ ಹಕ್ಕಿ ರಾಣೆಬೆನ್ನೂರಿನಲ್ಲಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹೆಸರು ಮಾತ್ರ ತನ್ನ ಅರ್ಥವನ್ನು ಪೂರ್ತಿಮಾಡಿಕೊಂಡಿದೆ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ವನ್ಯಧಾಮವಾದದ್ದು ಕೊಂಡುಕುರಿಗಾಗಿ. ಇದರ ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂಭಾಗದಲ್ಲಿ ಗಿಡ್ಡನೆಯ ಇನ್ನೊಂದು ಜೊತೆ. ಲೋಕದ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಹುಟ್ಟುಗುಣವಾಗಿರುವುದು ಇದೊಂದಕ್ಕೇ. ಈಹಾಮೃಗವನ್ನು ಬಗೆಯುವ ಶಿಲ್ಪಿಗೆ ಇದಕ್ಕಿಂತ ಸಿದ್ಧವಾದ ಮಾದರಿ ಬೇಕಿರಲಿಲ್ಲ. ಆದರೂ ಆನೆ, ಸಿಂಹ, ಕುದುರೆ, ಮಕರ, ಹಂಸಗಳೆಂಬ ಪಟ್ಟಿಕೆಗಳ ಕಟ್ಟಳೆಯ ಸಾಲಿನಲ್ಲಿ ಇದಕ್ಕೆ ಸ್ಥಾನ ದೊರೆಯಲಿಲ್ಲ, ಯಾವ ದೇವರೂ ಇದನ್ನು ಏರಲಿಲ್ಲ. ಕಾರಣವನ್ನು ಅದರ ಸ್ವಭಾವದಲ್ಲಿ ಹುಡುಕಬೇಕು. ಅದು ಒಂಟಿಯಾಗಿಯೋ ಜೋಡಿಯಾಗಿಯೋ ಪೊದೆಯ ಮರೆಯಲ್ಲಿರುವ, ನೀರಿನ ಆಸರೆಯನ್ನು ಬಿಟ್ಟು ದೂರ ಹೋಗದ ಪ್ರಾಣಿ. ಭಾರ ಹೊರುವ, ಬಾಗಿಲು ಕಾಯುವ, ಶತ್ರುವನ್ನು ಸೀಳುವ ಯಾವ ಕೆಲಸವನ್ನೂ ಅದರ ಮೈಯಲ್ಲಿ ಓದಲು ಶಿಲ್ಪಿಗೆ ಆಗಲಿಲ್ಲ.

ಅದನ್ನು ಗುರುತಿಸಿದವರು ಬೇರೆಯವರು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲು ಕುರಿಗಾಹಿಗಳ ಬಯಲು. ಕೊಂಡುಕುರಿ ಕುರಿಯಲ್ಲ, ಅದಕ್ಕೆ ಉಣ್ಣೆಯಿಲ್ಲ, ಅದು ಹಿಂಡು ಕಟ್ಟುವುದಿಲ್ಲ, ಕೂಗಿದರೆ ಬರುವುದಿಲ್ಲ. ಆದರೂ ಪೊದೆಯಿಂದ ಚಂಗನೆ ಜಿಗಿದು ಮರೆಯಾದ ನಾಲ್ಕು ಕೊಂಬಿನ ಅಪರಿಚಿತ ಪ್ರಾಣಿಯ ಹೆಸರಿನಲ್ಲಿ, ದಿನವೂ ಕೈಯಾಡಿಸುವ, ಎಣಿಸಿ ಹಟ್ಟಿಗೆ ಕೂಡುವ ಪ್ರಾಣಿಯೊಂದನ್ನು ಸೇರಿಸಿದ್ದಾರೆ.